ಬೀರುವಿನಲ್ಲಿ ಉಳಿದ ಟಿಕೆಟ್ಟು

"ಇದರ ಮೂಲಪ್ರತಿ ಎಲ್ಲಿ?"

ದಾಖಲೆ ಕೋಣೆಯ ಗುಮಾಸ್ತರು ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಕೋಣೆಯಲ್ಲಿ ಆಗ ಇದ್ದದ್ದು ಹನ್ನೆರಡು ಕಪಾಟು, ಒಂದು ಏಣಿ, ಹಳೆಯ ಕಡತಗಳ ಸಂದಿಯಲ್ಲಿ ಸಂಸಾರ ಹೂಡಿದ್ದ ಒಂದು ಹಲ್ಲಿ, ಮತ್ತು ಅವರ ಅಂಗೈಯಲ್ಲಿ ಮಿನುಗುತ್ತಿದ್ದ ಫೋನು. ಹಲ್ಲಿ ಲೊಚಗುಟ್ಟಿತು. ಆದರೆ ಅದಕ್ಕೆ ಸಹಿ ಹಾಕುವ ಅಧಿಕಾರವಿರಲಿಲ್ಲವಾದ್ದರಿಂದ ಗುಮಾಸ್ತರು ಆ ಉತ್ತರವನ್ನು ಪರಿಗಣಿಸಲಿಲ್ಲ.

ಇಪ್ಪತ್ತೊಂಬತ್ತು ವರ್ಷಗಳಿಂದ ಗುಮಾಸ್ತರ ಕೆಲಸ ಒಂದೇ. ಜನ ಯಾವುದೋ ಹಳೆಯ ಪತ್ರದ ನಕಲು ಬೇಕೆಂದು ಬರುತ್ತಿದ್ದರು. ಇವರು ಏಣಿ ಹತ್ತಿ ಮೂಲಪ್ರತಿ ಇಳಿಸುತ್ತಿದ್ದರು, ನಕಲು ತೆಗೆಸುತ್ತಿದ್ದರು, ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತಿದ್ದರು. ಆಮೇಲೆ 'ಮೂಲದೊಂದಿಗೆ ಸರಿಯಿದೆ' ಎಂಬ ಮೊಹರು ಒತ್ತಿ, ನಕಲನ್ನು ಜನಕ್ಕೆ ಕೊಟ್ಟು, ಮೂಲವನ್ನು ಮತ್ತೆ ಕಪಾಟಿಗೆ ಏರಿಸುತ್ತಿದ್ದರು. "ಒಂದೇ ಒಂದು ದಿನಕ್ಕೆ ಮೂಲಪ್ರತಿ ಕೊಡಿ ಸ್ವಾಮೀ" ಎಂದು ಕಣ್ಣೀರಿಟ್ಟವರಿದ್ದಾರೆ, ಮೇಜು ಕುಟ್ಟಿದವರಿದ್ದಾರೆ. ಸ್ವತಃ ಮೇಲಧಿಕಾರಿಗಳು ತಮ್ಮದೇ ನೇಮಕಾತಿ ಪತ್ರ ಕೇಳಿದಾಗಲೂ ಗುಮಾಸ್ತರ ಬಾಯಿಂದ ಬಂದದ್ದು ಆ ಒಂದೇ ವಾಕ್ಯ:

"ಮೂಲಪ್ರತಿ ಈ ಕೋಣೆ ಹೊಸ್ತಿಲು ದಾಟೋದಿಲ್ಲ. ಬೇಕಾದ್ರೆ ನಕಲು ಕೊಡ್ತೀನಿ."

ಹೀಗಾಗಿ ಇಡೀ ಕಚೇರಿ ಅವರನ್ನು ಮರೆಯಲ್ಲಿ 'ಮೂಲಪ್ರತಿ' ಎಂದೇ ಕರೆಯುತ್ತಿತ್ತು. ಮರೆ ಎಂದರೆ, ಅವರಿಗೆ ಕೇಳಿಸುವಷ್ಟು ದೂರ.

ಇಂಥವರ ಕೈಗೆ ಫೋನಿನ ಟಿಕೆಟ್ಟು ಬಂದದ್ದು ಅಕ್ಕನ ಕಣ್ಣಿನಿಂದ. ಅಕ್ಕನೆಂದರೆ ಇವರನ್ನು ಎತ್ತಿ ಆಡಿಸಿ, ತಾಯಿ ಇಲ್ಲದ ಮನೆಯಲ್ಲಿ ತಾಯಿಯಾಗಿ ನಿಂತವಳು. ಆಕೆಗೆ ಒಂದು ಕಣ್ಣು ಹೋಗಿ ವರ್ಷವಾಗಿತ್ತು. ಇನ್ನೊಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯ ದಿನ ಎರಡು ಸಲ ನಿಗದಿಯಾಗಿ ಎರಡು ಸಲವೂ ತಪ್ಪಿತ್ತು. ಆಸ್ಪತ್ರೆಯವರು, "ಮೂರನೇ ಸಲವೂ ತಪ್ಪಿದರೆ ಸರದಿ ಬೇರೆಯವರಿಗೆ, ಕಣ್ಣು ದೇವರಿಗೆ" ಎಂದಿದ್ದರು. ಅಕ್ಕ ದೂರದ ಊರಿನಿಂದ ಫೋನ್ ಮಾಡಿ ಹೇಳಿದ್ದಳು:

"ನಾಳೆ ಹತ್ತು ಗಂಟೆಗೆ ಕಣೋ. ಒಪ್ಪಿಗೆ ಪತ್ರಕ್ಕೆ ಒಡಹುಟ್ಟಿದೋರ ಸಹಿ ಬೇಕಂತೆ. ನೀನು ಬಂದು ಎದುರಿಗೆ ನಿಂತ್ರೆ ಒಳಗೆ ಹೋಗ್ತೀನಿ. ಇಲ್ದಿದ್ರೆ ನನ್ನ ಕಣ್ಣು ನಾನು ವಾಪಸ್ ತಗೊಂಡು ಮನೆಗೆ ಹೋಗ್ತೀನಿ."

ಗುಮಾಸ್ತರು ನಿಲ್ದಾಣಕ್ಕೆ ಓಡಿದರು. ಟಿಕೆಟ್ ಕಿಟಕಿಗೆ ಅಡ್ಡ ಹಲಗೆ ಹೊಡೆದಿತ್ತು. ಹಲಗೆಯ ಮೇಲೆ, 'ಟಿಕೆಟುಗಳನ್ನು ಫೋನಿನಲ್ಲಿ ಪಡೆಯಿರಿ' ಎಂದಿತ್ತು. ಗುಮಾಸ್ತರು ಹಲಗೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. ಸಹಿ ಇಲ್ಲ, ಮೊಹರಿಲ್ಲ, ತಾರೀಕಿಲ್ಲ. ಇಂಥ ಆದೇಶವನ್ನು ಯಾವ ಬಡಗಿ ಬೇಕಾದರೂ ಹೊರಡಿಸಬಹುದು. ಆದರೂ ಹಲಗೆಯ ಹಿಂದೆ ಯಾರೂ ಇರಲಿಲ್ಲವೆಂಬುದು ಮಾತ್ರ ಖಚಿತವಾಗಿತ್ತು.

ಕಚೇರಿಗೆ ಮರಳಿ ಅವರು ಪಕ್ಕದ ಕೋಣೆಯ ಟೈಪಿಸ್ಟಮ್ಮನ ಮುಂದೆ ಫೋನು ಇಟ್ಟರು. ಟೈಪಿಸ್ಟಮ್ಮ ಹತ್ತು ಬೆರಳಲ್ಲೂ ಕೆಲಸ ಮಾಡುವ, ಎರಡು ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಸಹಿಸದ ಹೆಂಗಸು.

"ನೀವೆಲ್ಲಿದೀರಿ ಅಂತ ತಿಳ್ಕೊಳ್ಳೋಕೆ ಅನುಮತಿ ಕೇಳ್ತಿದೆ ಸಾರ್. ಕೊಡ್ಲಾ?"

"ಯಾಕೆ? ನಾನೆಲ್ಲಿದ್ರೆ ಅದಕ್ಕೇನು? ನಾನು ಮನೇಲಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕಾ?"

"ಸರಿ, ಬೇಡ ಬಿಡಿ. ಈಗ ನಿಮ್ಗೆ ಆರು ಅಂಕಿ ಬಂದಿರತ್ತೆ. ಹೇಳಿ."

ಗುಮಾಸ್ತರು ಫೋನನ್ನು ಎದೆಗೆ ಅವುಚಿಕೊಂಡು ಓದಿ, ಹುಬ್ಬೇರಿಸಿದರು. "'ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ' ಅಂತಿದೆ."

"ನಂಗೆ ಹೇಳ್ಬೇಡಿ ಸಾರ್. ನೀವೇ ಒತ್ತಿ. ಕೇಳ್ತಿರೋದು ರೈಲಿನವ್ರೇ."

"ಕೊಟ್ಟೋರು ಯಾರು?"

"ಅವ್ರೇ."

"ಯಾರಿಗೂ ಹೇಳ್ಬೇಡ ಅಂತ ಅವರೇ ಬರೆದು, ಮರುಕ್ಷಣ ಅವರೇ ಹೇಳು ಅಂತಾರೆ. ಇದು ಪರೀಕ್ಷೆನೋ ವ್ಯಾಪಾರಾನೋ?"

ಎರಡು ನಿಮಿಷ ಎಂದೋ ಮುಗಿದಿತ್ತು. ಟೈಪಿಸ್ಟಮ್ಮ ಫೋನು ಕಸಿದುಕೊಂಡು ತಾನೇ ಒತ್ತಿದಳು. ಪರದೆಯ ಮೇಲೆ ಹಸಿರು ಚೌಕವೊಂದು ಅರಳಿತು. ನಾಳೆಯ ತಾರೀಕು, ಆರೂಕಾಲರ ರೈಲು, ಗುಮಾಸ್ತರ ಹೆಸರು, ಆಸನ ಸಂಖ್ಯೆ. ಮೂಲೆಯಲ್ಲಿ ಪುಟ್ಟ ಗಡಿಯಾರವೊಂದು ಸೆಕೆಂಡು ಸೆಕೆಂಡಿಗೂ ಓಡುತ್ತಿತ್ತು. ಗುಮಾಸ್ತರು ಅದನ್ನು ತಮ್ಮ ದಾಖಲೆ ಕೋಣೆಗೆ ಒಯ್ದು ನೋಡಿ, ಮರಳಿ ಬಂದರು.

"ರೈಲು ಓಡ್ಲಿ. ಟಿಕೆಟ್ ಯಾಕೆ ಓಡ್ಬೇಕು?" ಎಂದರು ಗುಮಾಸ್ತರು.

"ಅಸಲಿ ಅಂತ ತೋರಿಸೋಕೆ ಸಾರ್. ಇದೇ ನಿಮ್ಮ ಟಿಕೆಟ್."

"ಹಾಗಾದ್ರೆ ಇದು ಯಾವುದರ ನಕಲು?"

"ಯಾವುದರದ್ದೂ ಅಲ್ಲ!" ಟೈಪಿಸ್ಟಮ್ಮನ ಧ್ವನಿ ಕಪಾಟುಗಳವರೆಗೂ ಮುಟ್ಟಿತು. "ಫೋನಲ್ಲಿರೋದೇ ಮೂಲಪ್ರತಿ. ಪ್ರಪಂಚದಲ್ಲಿ ಇದೊಂದೇ ಇರೋದು. ಸಾಕಾ?"

ಕಥೆ ಹೇಳುವವರು ಇಂಥ ಕಡೆ ಒಂದು ಗುಟುಕು ನೀರು ಕುಡಿದು ಸಭೆಯನ್ನೊಮ್ಮೆ ನೋಡುತ್ತಾರೆ. ಏಕೆಂದರೆ ಮುಂದಿನ ಅನರ್ಥವೆಲ್ಲ ಈ ಮಾತಿನಿಂದ ಹುಟ್ಟಿತು, ಮತ್ತು ಈ ಮಾತಿನಲ್ಲಿ ಸುಳ್ಳಿನ ಸೋಂಕೂ ಇರಲಿಲ್ಲ.

ಮೂಲಪ್ರತಿ! ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತೊಂಬತ್ತು ವರ್ಷಗಳ ಅಭ್ಯಾಸ ಎದ್ದು ನಿಂತಿತು. ಮೂಲವೆಂದ ಮೇಲೆ ಅದರ ನಕಲು ಆಗಬೇಕು. ನಕಲಿಗೆ ಮೊಹರು ಬೀಳಬೇಕು. ಮೂಲ ಭದ್ರವಾಗಬೇಕು.

ಗುಮಾಸ್ತರು ನೆಟ್ಟಗೆ ಎದುರಿನ ನಕಲು ಅಂಗಡಿಗೆ ಹೋಗಿ, ಯಂತ್ರದ ಗಾಜಿನ ಮೇಲೆ ಫೋನನ್ನು ಬೋರಲು ಮಲಗಿಸಿದರು. ಅಂಗಡಿಯವನು ಗುಂಡಿ ಒತ್ತಿದ. ಕಪ್ಪು ಹಾಳೆ ಬಂತು. ಇನ್ನೊಮ್ಮೆ ಒತ್ತಿದ. ಇನ್ನಷ್ಟು ಕಪ್ಪು ಬಂತು.

"ರಾತ್ರಿ ರೈಲಾ ಸಾರ್?" ಎಂದ ಅಂಗಡಿಯವನು.

ಕೊನೆಗೆ ಟೈಪಿಸ್ಟಮ್ಮನೇ, ಇವರು ತನ್ನ ಮೇಜು ಬಿಟ್ಟು ತೊಲಗಲಿ ಎಂಬ ಒಂದೇ ಆಸೆಯಿಂದ, ಪರದೆಯ ಚಿತ್ರವನ್ನು ಕಚೇರಿಯ ಯಂತ್ರದಲ್ಲಿ ಮೂರು ಹಾಳೆಗೆ ಇಳಿಸಿಕೊಟ್ಟಳು. ಗುಮಾಸ್ತರು ಒಂದೊಂದನ್ನೂ ಫೋನಿನ ಪಕ್ಕ ಇಟ್ಟು ತಾಳೆ ನೋಡಿದರು. ಎಲ್ಲ ಸರಿಯಿತ್ತು, ಗಡಿಯಾರವೊಂದನ್ನು ಬಿಟ್ಟು. ಹಾಳೆಯಲ್ಲಿ ಅದು ನಾಲ್ಕು ನಲವತ್ತಕ್ಕೆ ನಿಂತಿತ್ತು, ಫೋನಿನಲ್ಲಿ ಮುಂದೆ ಹೋಗುತ್ತಿತ್ತು. ಅದಕ್ಕಾಗಿ ಅವರು ಅಂಚಿನಲ್ಲಿ ಷರಾ ಬರೆದರು: 'ಸಮಯದ ವ್ಯತ್ಯಾಸವು ಸಮಯದಿಂದಲೇ ಉಂಟಾದದ್ದು.' ಮೂರಕ್ಕೂ ಮೊಹರು ಬಿತ್ತು.

ಮರುದಿನ ನಸುಕಿನಲ್ಲಿ ಗುಮಾಸ್ತರು ಫೋನನ್ನು ಒಗೆದ ಟವಲಿನಲ್ಲಿ ಸುತ್ತಿ, ಮಲಗುವ ಕೋಣೆಯ ಕಬ್ಬಿಣದ ಬೀರುವಿನೊಳಗಿನ ಪೆಟ್ಟಿಗೆಯಲ್ಲಿಟ್ಟರು. ಅದೇ ಪೆಟ್ಟಿಗೆಯಲ್ಲಿ ಅವರ ಗುರುತಿನ ಚೀಟಿ, ಜನನ ಪತ್ರ, ಮದುವೆಯ ಕಾಗದ ಎಲ್ಲದರ ಮೂಲಪ್ರತಿಗಳೂ ಇದ್ದವು. ಬೀಗ ಹಾಕಿ ಕೀಲಿಯನ್ನು ಒಳಜೇಬಿಗೆ ಸೇರಿಸಿ, ಜೇಬಿಗೆ ಪಿನ್ನು ಹಾಕಿದರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಫೋನ್ ಇಲ್ದೆ ಹೋಗ್ತೀರಾ?"

"ಮೂಲಪ್ರತಿ ಯಾರಾದ್ರೂ ರೈಲಲ್ಲಿ ಹೊತ್ಕೊಂಡು ತಿರುಗ್ತಾರೇನೇ? ಕಳೆದ್ರೆ? ಪ್ರಪಂಚದಲ್ಲಿ ಇರೋದು ಅದೊಂದೇ." ಗುಮಾಸ್ತರು ಮೊಹರು ಬಿದ್ದ ಹಾಳೆಗಳಲ್ಲಿ ಒಂದನ್ನು ಜೇಬಿಗೆ, ಒಂದನ್ನು ಚೀಲಕ್ಕೆ ಹಾಕಿ, ಮೂರನೆಯದನ್ನು ಅವಳ ಕೈಗಿತ್ತರು. "ಇನ್ನೊಂದು ಮಾತು. ಕಾಲ ಕೆಟ್ಟಿದೆ. ಗೊತ್ತಿಲ್ಲದ ನಂಬರಿಂದ ಯಾರು ಫೋನ್ ಮಾಡಿದ್ರೂ ನಂಬ್ಬೇಡ. ನನ್ನ ದನೀಲೇ ಮಾತಾಡಿದ್ರೂ ನಂಬ್ಬೇಡ. ಆಧಾರ ಕೇಳು."

"ಆಯ್ತು" ಎಂದಳು ಹೆಂಡತಿ. ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ಅವಳು ಗಂಡನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದೇ ದಿನ.

ರೈಲು ಹೊರಟ ಮುಕ್ಕಾಲು ಗಂಟೆಗೆ ಟಿಕೆಟ್ ತಪಾಸಣೆಯವರು ಬಂದರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಪುಸ್ತಕ. ಗುಮಾಸ್ತರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ತಪಾಸಣೆಯವರು ಹಾಳೆಯನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಮೊಹರನ್ನು ಉಗುರಿನಿಂದ ಕೆರೆದರು. ಎಂಥ ಅನುಮಾನ! ಗುಮಾಸ್ತರಿಗೆ ಅವರ ಮೇಲೆ ಗೌರವವೇ ಹುಟ್ಟಿತು.

"ಗಡಿಯಾರ ಓಡ್ತಿಲ್ವಲ್ಲ?"

"ಕಾಗದದಲ್ಲಿ ಗಡಿಯಾರ ಹೇಗೆ ಓಡತ್ತೆ ಸಾರ್? ಷರಾ ಬರೆದಿದೀನಿ ನೋಡಿ."

"ಫೋನ್ ತೆಗೀರಿ."

"ಮೂಲಪ್ರತಿ ಭದ್ರವಾಗಿದೆ ಸಾರ್. ಮನೇಲಿ, ಬೀರುವಿನೊಳಗೆ." ಗುಮಾಸ್ತರು ಎದೆ ತಟ್ಟಿಕೊಂಡರು. "ಕೀಲಿ ಇಲ್ಲಿದೆ. ತೋರಿಸ್ಲಾ?"

ಎದುರಿಗೆ ಕೂತಿದ್ದ ಚಿಂತಾಮಗ್ನ ದರ್ಜಿ ತನ್ನ ಕತ್ತರಿ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿಕೊಂಡ. ಕಿಟಕಿಯ ಅಜ್ಜಿ ಕಾಲ ಬಳಿಯಿದ್ದ ಬುಟ್ಟಿಯನ್ನು ತೊಡೆಗೇರಿಸಿಕೊಂಡಳು.

"ಅಂದ್ರೆ, ಟಿಕೆಟ್ ಬೀರೂಲಿ ಪ್ರಯಾಣ ಮಾಡ್ತಿದೆ, ನೀವು ರೈಲಲ್ಲಿ" ಎಂದರು ತಪಾಸಣೆಯವರು. "ಮುಂದಿನ ನಿಲ್ದಾಣದಲ್ಲಿ ಇಳೀರಿ."

"ಅಯ್ಯೋ, ಇಳಿಸ್ಬೇಡಿ ಸಾರ್. ಹತ್ತು ಗಂಟೆಗೆ ಅಕ್ಕನ ಕಣ್ಣಿನ ಆಪರೇಷನ್."

"ಎಲ್ಲರಿಗೂ ಒಬ್ಬ ಅಕ್ಕ ಇರ್ತಾಳೆ. ಎಲ್ಲ ಅಕ್ಕಂದಿರಿಗೂ ಹತ್ತು ಗಂಟೆಗೇ ಆಪರೇಷನ್ ಇರತ್ತೆ. ಇಪ್ಪತ್ತು ವರ್ಷದಿಂದ ಕೇಳ್ತಿದೀನಿ."

ಆಗ ದರ್ಜಿಗೆ ಕರುಣೆ ಬಂತು. ಕರುಣೆಗಿಂತ ಹೆಚ್ಚಾಗಿ ಮುಂದೇನಾಗುತ್ತದೆ ನೋಡುವ ಆಸೆ ಬಂತು. ತನ್ನ ಫೋನು ಕೊಟ್ಟು ಹೇಳಿದ: "ಮನೆಗೆ ಮಾಡಿ ಸಾರ್. ಬೀರು ಒಡೆಸಿ, ಆ ಫೋನ್ ತೆಗೆದು ಗಡಿಯಾರ ಓಡೋದನ್ನ ವಿಡಿಯೋದಲ್ಲಿ ತೋರಿಸ್ಲಿ."

ತಪಾಸಣೆಯವರು ಮೀಸೆ ಸವರಿದರು. "ಓಡೋದು ನನ್ನ ಕಣ್ಣಿಗೆ ಕಂಡ್ರೆ ಯೋಚನೆ ಮಾಡ್ತೀನಿ."

ಹೆಂಡತಿಯ ಸಂಖ್ಯೆ ಗುಮಾಸ್ತರಿಗೆ ಬಾಯಿಪಾಠವಿತ್ತು. ಅವಳು ಐದನೆಯ ಸಲ ಗಂಟೆ ಬಡಿದಾಗ ಎತ್ತಿಕೊಂಡಳು. ದರ್ಜಿ, ಎಲ್ಲರಿಗೂ ಕೇಳಲೆಂದು, ಧ್ವನಿ ದೊಡ್ಡದು ಮಾಡಿದ.

"ಲೇ, ನಾನು ಕಣೇ, ರೈಲಿಂದ. ಬೇಗ ಯಾರನ್ನಾದ್ರೂ ಕರೆದು ಬೀರು ಒಡೆಸು!"

ಹೆಂಡತಿಯ ಧ್ವನಿ ಫೋನಿನಿಂದಾಚೆ ತಿರುಗಿ ಕೂಗಿತು: "ಡ್ರಿಲ್ ಮಾಸ್ತರೇ, ಓಡಿ ಬನ್ನಿ! ಅವ್ರು ಹೇಳಿದ ಹಾಗೇ ಆಯ್ತು! ಕಳ್ಳ ಫೋನ್ ಮಾಡಿದಾನೆ! ಬೀರು ಒಡೀಬೇಕಂತೆ!"

ಡ್ರಿಲ್ ಮಾಸ್ತರು ಪಕ್ಕದ ಮನೆಯವರು. ಶಾಲೆಯಿಂದ ನಿವೃತ್ತರಾಗಿ, ಅಪಾಯವೊಂದು ಬರಲೆಂದು ಆರು ವರ್ಷಗಳಿಂದ ಕಾಯುತ್ತಿದ್ದವರು. ಅವರ ಸಿಳ್ಳೆ ರೈಲಿನವರೆಗೂ ಕೇಳಿತು.

"ಯಾವನೋ ಅವನು? ಧೈರ್ಯ ಇದ್ರೆ ಎದುರಿಗೆ ಬಾ!"

"ಮಾಸ್ತರೇ, ನಾನು ನಾನೇ!"

"ಎಲ್ಲ ಕಳ್ಳರೂ ಹಾಗೇ ಹೇಳೋದು. ಆಧಾರ ಏನು?"

ಇಪ್ಪತ್ತೊಂಬತ್ತು ವರ್ಷ ಜಗತ್ತನ್ನೆಲ್ಲ ಕೇಳಿದ ಪ್ರಶ್ನೆ ತಿರುಗಿ ಬಂದು ಗುಮಾಸ್ತರ ಮುಂದೆಯೇ ಕೂತಿತ್ತು.

"ತಡೀರಿ ಮಾಸ್ತರೇ, ನಾನು ಕೇಳ್ತೀನಿ" ಎಂದಳು ಹೆಂಡತಿ. "ನಮ್ಮನೆಯವ್ರೇ ಆಗಿದ್ರೆ ಹೇಳ್ಲಿ. ನನ್ನ ಕನ್ನಡಕದ ಡಬ್ಬಿ ಯಾವ ಬಣ್ಣ?"

ಅಜ್ಜಿ "ಕಂದು ಅನ್ನಪ್ಪಾ, ಸಾಮಾನ್ಯ ಕಂದೇ ಇರತ್ತೆ" ಎಂದು ಪಿಸುಗುಟ್ಟಿದಳು. ದರ್ಜಿ ಕೆಂಪೆಂದು ಸನ್ನೆ ಮಾಡಿದ. ಗುಮಾಸ್ತರು ದೇವರನ್ನು ನೆನೆದು ಹೇಳಿದರು: "ಕಪ್ಪು."

"ನಾನು ಕನ್ನಡಕಾನೇ ಹಾಕಲ್ಲ!" ಎಂದು ಹೆಂಡತಿ ಗರ್ಜಿಸಿದಳು. "ಇಡೋ ಫೋನು, ಕಳ್ಳಾ! ಅವ್ರು ಬರ್ಲಿ, ಎಲ್ಲ ಹೇಳ್ತೀನಿ!"

ಬೋಗಿ ನಕ್ಕಿತು. ತಪಾಸಣೆಯವರು ಮಾತ್ರ ನಗಲಿಲ್ಲ. ಅವರು ಮೊದಲ ಬಾರಿಗೆ ಗುಮಾಸ್ತರ ಮುಖವನ್ನು ನಿಧಾನವಾಗಿ ನೋಡಿದರು. ಕಳ್ಳನಾಗಿದ್ದರೆ ಇಷ್ಟು ಕೆಟ್ಟದಾಗಿ ಉತ್ತರಿಸುತ್ತಿರಲಿಲ್ಲ. ಇಂಥ ಉತ್ತರ ಗಂಡನಾದವನು ಮಾತ್ರ ಕೊಡಬಲ್ಲ.

"ಇಳಿಸೋದಿಲ್ಲ" ಎಂದರು. "ಆದ್ರೆ ದಂಡ ತೆರಬೇಕು. ಹೆಸರು? ವಯಸ್ಸು? ತಂದೆ ಹೆಸರು? ವಿಳಾಸ?"

ದಪ್ಪ ಪುಸ್ತಕ ತೆರೆಯಿತು. ಹಾಳೆಯ ಕೆಳಗೆ ನೀಲಿ ಕಾರ್ಬನ್ ಇತ್ತು. ಲೇಖನಿ ಒತ್ತಿ ಒತ್ತಿ ಬರೆಯಿತು: 'ಟಿಕೆಟಿಲ್ಲದೆ ಪ್ರಯಾಣಿಸಿದ್ದಕ್ಕೆ.' ಸಹಿ ಬಿತ್ತು. ದುಂಡು ಮೊಹರು ಬಿತ್ತು. ಅವಮಾನದ ಆ ಗಳಿಗೆಯಲ್ಲೂ ಗುಮಾಸ್ತರಿಗೆ ಒಂದು ಸಂಶಯ ತಡೆಯಲಾಗಲಿಲ್ಲ.

"ಸಾರ್, ಇದರಲ್ಲಿ ಮೂಲ ಯಾವುದು?"

"ಮೇಲಿಂದು ನಿಮ್ಗೆ. ಕಾರ್ಬನ್ ನಮ್ಗೆ."

ಗುಮಾಸ್ತರು ರಸೀದಿಯನ್ನು ಕಣ್ಣಿಗೊತ್ತಿಕೊಂಡರು. ಅಪರಾಧ ಪತ್ರವನ್ನು ಇಷ್ಟು ಭಕ್ತಿಯಿಂದ ಸ್ವೀಕರಿಸಿದ ಪ್ರಯಾಣಿಕರನ್ನು ಆ ಮೀಸೆ ಹಿಂದೆ ಕಂಡಿರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಹತ್ತಕ್ಕೆ ಹದಿನೈದು ನಿಮಿಷವಿತ್ತು. ಕಣ್ಣಿಗೆ ಔಷಧಿ ಬಿಟ್ಟ ಅಕ್ಕ, ದಾಖಲೆ ಕಿಟಕಿಯ ಪಕ್ಕದ ಗಾಲಿ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಮೊಗಸಾಲೆಯ ತುದಿಯಲ್ಲಿ ಹೆಜ್ಜೆ ಕೇಳಿದ್ದೇ ತಡ ತಲೆ ಎತ್ತಿದಳು.

"ಚಪ್ಪಲಿ ಎಳೆಯೋದು ಇನ್ನೂ ಬಿಟ್ಟಿಲ್ವೇನೋ?"

ಬೆಳಗಿನಿಂದ ಆಧಾರ ಕೇಳದೆ ಅವರನ್ನು ಒಪ್ಪಿಕೊಂಡವಳು ಅವಳೊಬ್ಬಳೇ. ಆದರೆ ಕಿಟಕಿಯ ಹಿಂದೆ ಕೂತಿದ್ದ ದಾಖಲೆಗಾರ್ತಿಗೆ ಚಪ್ಪಲಿಯ ಸದ್ದು ಸಾಲದು. ಆಕೆಯ ಮೇಜಿನಲ್ಲಿ ಪ್ರತಿಯೊಂದು ಕಾಗದವೂ ಅಂಚಿಗೆ ಅಂಚು ಕೂತಿತ್ತು.

"ಒಡಹುಟ್ಟಿದೋರು ಅನ್ನೋಕೆ ಏನಿದೆ?"

ಗುಮಾಸ್ತರು ಚೀಲದಿಂದ ಗುರುತಿನ ಚೀಟಿಯ ನಕಲು ತೆಗೆದುಕೊಟ್ಟರು. ಆಕೆ ಮೊಹರನ್ನು ಓದಿದಳು. "ದೃಢೀಕರಿಸಿದೋರು ಯಾರು?"

"ನಾನೇ."

"ಚೀಟಿ ಯಾರದ್ದು?"

"ನನ್ನದೇ."

"ಅಂದ್ರೆ, ನೀವು ನೀವೇ ಅಂತ ನೀವೇ ಬರ್ಕೊಟ್ಟಿದೀರಿ. ಮೂಲಪ್ರತಿ ಎಲ್ಲಿ?"

"ಬೀರುವಿನಲ್ಲಿ" ಎಂದರು ಗುಮಾಸ್ತರು.

"ಅವನು ನನ್ನ ತಮ್ಮನೇ ಕಣಮ್ಮಾ" ಎಂದಳು ಅಕ್ಕ. "ನಾನು ಹೇಳ್ತಿದೀನಲ್ಲ."

"ಅಜ್ಜೀ, ನಿಮ್ಗೆ ಕಣ್ಣು ಕಾಣಲ್ಲ ಅಂತ ತಾನೇ ಇಲ್ಲಿಗೆ ಬಂದಿರೋದು? ಗುರುತು ಹಿಡಿಯೋಕೆ ನಿಮ್ಮ ಸಾಕ್ಷಿ ನಡಿಯತ್ತಾ?"

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಆರು ನಿಮಿಷ. ಒಳಗಿನಿಂದ ನರ್ಸ್ ಇಣುಕಿ, "ಮುಂದಿನವರನ್ನ ಕರೀಲಾ?" ಎಂದಳು. ಕುರ್ಚಿಯ ಗಾಲಿ ಹುಡುಕುತ್ತ ಅಕ್ಕನ ಕೈ ಕೆಳಗಿಳಿಯಿತು, ಮನೆಗೆ ಹೊರಡುವವಳಂತೆ.

ಗುಮಾಸ್ತರು ಜೇಬುಗಳನ್ನೆಲ್ಲ ಬೋರಲು ಹಾಕಿದರು. ಟಿಕೆಟಿನ ನಕಲು, ಬೀರುವಿನ ಕೀಲಿ, ಪಿನ್ನು. ಕಡೆಗೆ ದಂಡದ ರಸೀದಿ.

ದಾಖಲೆಗಾರ್ತಿಯ ಕೈ ಕಿಟಕಿಯಿಂದಾಚೆ ಬಂತು. "ಅದೇನದು? ಕೊಡಿ."

ಆಕೆ ಕಾಗದವನ್ನು ಬೆಳಕಿಗೆ ಹಿಡಿದಳು. ಲೇಖನಿ ಒತ್ತಿದ ಗುರುತನ್ನು ಹಿಂಬದಿಯಿಂದ ಬೆರಳಲ್ಲಿ ಸವರಿದಳು. ಕಾರ್ಬನ್ ಅಲ್ಲ. ಸಹಿ ಇದೆ. ದುಂಡು ಮೊಹರಿದೆ. ಇವತ್ತಿನದೇ ತಾರೀಕು. ತಂದೆಯ ಹೆಸರಿನ ಮೇಲೆ ಬೆರಳಿಟ್ಟು, ಅಕ್ಕನ ಕಡತದಲ್ಲಿದ್ದ ತಂದೆಯ ಹೆಸರಿನ ಪಕ್ಕ ಇಟ್ಟು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿದಳು. ಗುಮಾಸ್ತರು ಉಸಿರು ಬಿಗಿಹಿಡಿದು ನೋಡಿದರು. ಎಂಥ ಪರಿಣತಿ! ಅವರೇ ಆಗಿದ್ದರೂ ಇದಕ್ಕಿಂತ ಚೆನ್ನಾಗಿ ನೋಡುತ್ತಿರಲಿಲ್ಲ.

"'ಟಿಕೆಟಿಲ್ಲದೆ ಪ್ರಯಾಣಿಸಿದ್ದಕ್ಕೆ'" ಎಂದು ಆಕೆ ಗಟ್ಟಿಯಾಗಿ ಓದಿದಳು. ಸಾಲಿನಲ್ಲಿದ್ದ ಹದಿನಾಲ್ಕು ಜನರೂ ಕೇಳಿದರು. "ಇದು ಸರಿಯಿದೆ. ಸಹಿ ಹಾಕಿ."

ಗುಮಾಸ್ತರು ಸಹಿ ಹಾಕಿದರು. ಅಕ್ಕ ಕುರ್ಚಿಯಲ್ಲಿ ಒಳಗೆ ಹೋಗುವ ಮುನ್ನ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿನಿಂದ ಕಿವಿಯವರೆಗೆ ಸವರಿ ನೋಡಿದಳು.

"ಟಿಕೆಟ್ ಇಲ್ದೆ ಬಂದ್ಯೇನೋ ನನಗೋಸ್ಕರ?" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಗುಮಾಸ್ತರು ಬೀರುವಿನ ವಿಷಯ ಎತ್ತಲಿಲ್ಲ.

ಒಂದು ಗಂಟೆಯ ನಂತರ ವೈದ್ಯರು ಹೊರಗೆ ಬಂದು, "ಕಣ್ಣು ಉಳೀತು" ಎಂದರು. ಗುಮಾಸ್ತರು ಗೋಡೆಗೆ ಕೈಮುಗಿದರು. ಆಮೇಲೆ ಸಂತೋಷ ತಡೆಯಲಾರದೆ, ಆಸ್ಪತ್ರೆಯ ದೂರವಾಣಿಯಿಂದ ಮನೆಗೆ ಮಾಡಿದರು. ಪಟ್ಟಿ ಕಟ್ಟಿದ ಅಕ್ಕನ ಬಾಯಿಗೇ ಫೋನು ಹಿಡಿದರು.

"ನಾನು ಕಣಮ್ಮಾ, ನಿನ್ನ ಅತ್ತಿಗೆ. ಕಣ್ಣು ಚೆನ್ನಾಗಾಯ್ತು."

"ನಮ್ಮ ಅತ್ತಿಗೆ ದನೀನೂ ತೆಗೀತೀಯೇನೋ ಕಳ್ಳಾ?" ಎಂದಿತು ಆ ಕಡೆ. "ಬಾಗಿಲಲ್ಲಿ ಡ್ರಿಲ್ ಮಾಸ್ತರು ದೊಣ್ಣೆ ಹಿಡಿದು ಕೂತಿದಾರೆ. ರೈಲಿಂದ ಮಾತಾಡಿದ್ದು ನಮ್ಮನೆಯವ್ರೇ ಆಗಿದ್ರೆ ಒಂದು ಕಾಗದನಾದ್ರೂ ತಂದು ತೋರಿಸ್ಲಿ!"

ಕಾಗದ! ಗುಮಾಸ್ತರು ಚಪ್ಪಲಿ ಎಳೆಯುತ್ತ ಕಿಟಕಿಗೆ ಓಡಿದರು. ರಸೀದಿ ಆಗಲೇ ಅಕ್ಕನ ಕಡತದಲ್ಲಿ ಸೇರಿ, ತೂತು ಬಿದ್ದು, ದಾರ ಬಿಗಿಸಿಕೊಂಡಿತ್ತು.

"ಮೇಡಂ, ಆ ರಸೀದಿ ವಾಪಸ್ ಬೇಕಿತ್ತು. ಮನೇಲಿ ತೋರಿಸ್ಬೇಕು. ಇಲ್ದಿದ್ರೆ ನಂಬೋದಿಲ್ಲ. ಒಂದೇ ಒಂದು ದಿನಕ್ಕೆ."

ದಾಖಲೆಗಾರ್ತಿ ತಲೆ ಎತ್ತಲಿಲ್ಲ. ಕಡತವನ್ನು ಮುಚ್ಚಿದಳು. ಏಣಿ ಹತ್ತಿದಳು. ಅದನ್ನು ಕಪಾಟಿನ ಮೇಲಿನ ಸಾಲಿನಲ್ಲಿ, ಅಂಚಿಗೆ ಅಂಚು ಕೂರಿಸಿ, ಅಲ್ಲಿಂದಲೇ ಹೇಳಿದಳು:

"ಮೂಲಪ್ರತಿ ಈ ಕೋಣೆ ಹೊಸ್ತಿಲು ದಾಟೋದಿಲ್ಲ."